ಬನಶಂಕರಮ್ಮನ ಹಾಸಿಗೆ

“ಆ ಹಾಸಿಗೆ ಬಿಚ್ಚಬ್ಯಾಡ ಕಣಮ್ಮ. ಬಿಚ್ಚಿದ್ರೂ ಒಳಗಿರೋ ಗಂಟುಗಳಿಗೆ ಕತ್ತರಿ ತಾಕಿಸ್ಬ್ಯಾಡ,” ಎಂದಳು ನಾರಮ್ಮ.

ಹರಿತಾ ನಕ್ಕುಬಿಟ್ಟಳು. “ಹಾಸಿಗೇಲಿ ಮಾಟ ಇರಲ್ಲ ಅತ್ತೆ, ತಿಗಣೆ ಇರ್ತವೆ.”

ಕಲ್ಯಾಣದುರ್ಗದಲ್ಲಿ ನಾರಮ್ಮನ ಹಿತ್ತಿಲು. ಕಂಬದೂರಿನ ಕುರಿಗಾರರಿಂದ ಕೊಂಡ ಉಣ್ಣೆಯನ್ನು ತೊಳೆದು ಬಿಸಿಲಿಗೆ ಹರಡಿದ್ದರಿಂದ ಅಲ್ಲೆಲ್ಲ ಒದ್ದೆ ಕುರಿಯ ವಾಸನೆ. ತುಮಕೂರಿನಿಂದ ಹಿಂದೂಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬದ ಹರಿತಾಳಿಗೆ ಈಗ ಒಂದೇ ಹಟ. ಗಂಡ ಯೋಗೇಶ್ ಪವರ್‌ಲೂಮ್ ಶೆಡ್ಡಿನಲ್ಲಿ ದಿನವಿಡೀ ನಿಂತು ಬೆನ್ನು ಕೆಡಿಸಿಕೊಂಡಿದ್ದ. ಅಂಗಡಿಯ ಫೋಮ್ ಹಾಸಿಗೆ ಅವನನ್ನು ಇನ್ನಷ್ಟು ಬಗ್ಗಿಸಿತ್ತು. ತಾನೇ ಕೈಯಾರೆ ಒಂದು ಹಾಸಿಗೆ ಮಾಡಿ ಅವನನ್ನು ನೆಟ್ಟಗೆ ನಿಲ್ಲಿಸುತ್ತೇನೆ ಎಂದು ಅವಳು ಹೊರಟಿದ್ದಳು. ಗುಜರಿ ಅಂಗಡಿಯಿಂದ ಹಳೆಯ ಸೋಫಾದ ಸ್ಪ್ರಿಂಗುಗಳು ಬಂದಿದ್ದವು, ಪರಿಗಿಯಿಂದ ತೆಂಗಿನ ನಾರು. ಮೇಲಿನ ಪದರಕ್ಕೆ ಬೂರುಗದ ಹತ್ತಿ ಬೇಕಿತ್ತು. ಅದು ಮನೆಯ ಅಟ್ಟದಲ್ಲೇ ಇತ್ತು, ತೀರಿಕೊಂಡ ಅತ್ತೆ ಬನಶಂಕರಮ್ಮನ ಹಾಸಿಗೆಯೊಳಗೆ.

ನಾರಮ್ಮ ಆ ಬನಶಂಕರಮ್ಮನ ನಾದಿನಿ, ಹರಿತಾಳ ಮಾವ ಕೇಶವಯ್ಯನ ತಂಗಿ. ಸೊಸೆಯ ನಗು ಕಂಡು ಅವಳ ಮುಖ ಗಂಟಾಯಿತು.

“ನಗಬ್ಯಾಡ. ನಮ್ಮ ಮಗ್ಗದ ಮನೆಗಳಲ್ಲಿ ಒಂದು ಪದ್ಧತಿ ಐತೆ. ಗಂಡ ಬೈದಾಗ, ಹೊಡೆದಾಗ ಎದುರು ಮಾತಾಡಕ್ಕಾಗ್ದೆ ಹೋದ್ರೆ ಹೆಂಗಸು ಆ ಸಿಟ್ಟನ್ನ ದಾರಕ್ಕೆ ಹೇಳಿ ಗಂಟು ಹಾಕ್ತಾಳೆ. ಅಮಾಸೆ ದಿನ ಗಂಡ ‘ನಾನು ಹಿಂಗ್ ಮಾಡ್ದೆ’ ಅಂತ ಒಪ್ಕೊಂಡು ಬಿಚ್ಚಬೇಕು. ನಮ್ಮಣ್ಣ ಒಂದನ್ನೂ ಬಿಚ್ಚಲಿಲ್ಲ. ಎಲ್ಲಾ ಆ ಹಾಸಿಗೆ ಸೇರ್ಕೊಂಡ್ವು. ಕೊನೆಗೆ ನಮ್ಮತ್ತಿಗೆ ಬೆಳುಗುಪ್ಪದ ಕಡೆ ಯಾವನೋ ಮಂತ್ರಗಾರನ್ನ ಕರೆಸಿ ಅವಕ್ಕೆ ಕಟ್ಟು ಹಾಕಿಸ್ಬುಟ್ಲು. ಬಿಚ್ಚಿದ್ರೆ ಅಣ್ಣನೇ ಬಿಚ್ಚಬೇಕು. ಕತ್ತರಿಸಿದ್ರೆ, ಅದ್ರ ಮ್ಯಾಲೆ ಮಲಗಿದೋರು ಏಳಲ್ಲ.”

“ಅಪ್ಪಿತಪ್ಪಿ ಕತ್ತರಿಸಿಬಿಟ್ರೆ?”

“ಕತ್ತರಿಸಿದ ಕೈಯೇ ತಿರುಗಾ ಗಂಟು ಹಾಕಬೇಕು. ಆಗ ಆ ಸಿಟ್ಟೆಲ್ಲ ಆ ಕೈಗೆ ಬತ್ತದೆ.”

ಹರಿತಾ ಉಣ್ಣೆಯ ಮೂಟೆ ಕಟ್ಟಿಕೊಂಡು ಹಿಂದೂಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆ ಮಾತು ನೆನೆದು ನಗುತ್ತಲೇ ಇದ್ದಳು.

ಮನೆಯ ಹಿಂದಿನ ಕೋಣೆ ಹಿಂದೆ ಮಗ್ಗದ ಕೋಣೆಯಾಗಿತ್ತು. ಕಿಟಕಿಯಿಲ್ಲ. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯ ಮೇಲೆ ಹಲಗೆ ಹಾಸಿದ್ದರು. ಹಲಗೆಯ ಸಂದಿಯಿಂದ, ನೂಲಿಗೆ ಹಾಕುತ್ತಿದ್ದ ಹಳೆಯ ಗಂಜಿಯ ಹುಳಿ ವಾಸನೆ ಏಳುತ್ತಿತ್ತು. ಹೆರಿಗೆಯಾದ ವಾರಕ್ಕೇ ಬನಶಂಕರಮ್ಮನನ್ನು ಆ ಗುಂಡಿಯಲ್ಲಿ ಕೂರಿಸಿ ನೇಯಿಸಿದ ಮಹಾನುಭಾವ ಕೇಶವಯ್ಯ. ಸೊಂಟ ಬಿದ್ದು ಅವಳು ಹಾಸಿಗೆ ಹಿಡಿದಾಗಲೂ ಕೈ ಎರಡು ಸರಿಯಿವೆಯಲ್ಲ ಎಂದು ರಾಟೆ ತಂದಿಟ್ಟವನು. ಅವಳು ಬಾಯಿ ತೆರೆದರೆ ಅವನದು ಒಂದೇ ಮಾತು, ತೆಲುಗಿನಲ್ಲಿ, “ಊರ್ಕೋ.” ಸುಮ್ಮನಿರು ಅಂತ. ಅದನ್ನು ಬೀದಿಯವರೆಲ್ಲ ಕೇಳಿದ್ದರು, ಯಾಕೆಂದು ಒಬ್ಬರೂ ಕೇಳುವ ಗೋಜಿಗೆ ಹೋಗಿರಲಿಲ್ಲ.

ಹರಿತಾ ಅದೇ ಕೋಣೆಯಲ್ಲಿ ಮರದ ಚೌಕಟ್ಟಿನಲ್ಲಿ ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಹುರಿಯಿಂದ ಅಡ್ಡಡ್ಡ ಬಿಗಿದಳು. ಮೇಲೆ ಗೋಣಿತಾಟು ಎಳೆದು ಹೊಲಿದಳು. ತೆಂಗಿನ ನಾರು, ಅದರ ಮೇಲೆ ಉಣ್ಣೆ. ಆಮೇಲೆ ಅತ್ತೆಯ ಹಾಸಿಗೆಯನ್ನು ಅಟ್ಟದಿಂದ ಇಳಿಸಿ ಉದ್ದಕ್ಕೆ ಸೀಳಿದಳು.

ಹತ್ತಿ ಹೂವಿನಂತೆ ಅರಳಲಿಲ್ಲ. ಕಪ್ಪಗೆ, ಹೆಪ್ಪುಗಟ್ಟಿ ಹೊರಗೆ ಬಿತ್ತು. ಬೆವರು, ಬೇವಿನೆಣ್ಣೆ, ಹಳಸಿದ ರಕ್ತದ ವಾಸನೆ ಬಂತು. ಒಳಗೆ ಎಲ್ಲಿ ಕೈಹಾಕಿದರೂ ರೇಷ್ಮೆಯ ಚೂರುದಾರದ ಗಂಟುಗಳು. ಕೆಂಪು, ಹಸಿರು, ಮಾಸಿದ ಅರಿಶಿನ ಬಣ್ಣದವು. ಒಂದು ಹೆಂಗಸಿನ ಇಡೀ ಸಂಸಾರ ಅಲ್ಲಿ ಗಂಟುಗಂಟಾಗಿ ಬಿದ್ದಿತ್ತು. ಹರಿತಾಳಿಗೆ ಕಂಡದ್ದು ಮಾತ್ರ ಬೆನ್ನಿಗೆ ಒತ್ತುವ ಉಂಡೆಗಳು. ಶುದ್ಧ ರೇಷ್ಮೆ, ಯಾಕೆ ಎಸೆಯಬೇಕು ಎಂದು ಕತ್ತರಿ ತೆಗೆದುಕೊಂಡಳು.

ಮೊದಲ ಗಂಟು ಕತ್ತರಿಸಿದಾಗ ಯಾರೋ ಉಸಿರು ಬಿಟ್ಟ ಹಾಗಾಯಿತು. ಹಗಲೆಲ್ಲ ಬಡಿದುಕೊಳ್ಳುವ ಬೀದಿಯ ಮಗ್ಗಗಳು ಒಟ್ಟಿಗೇ ನಿಂತವು. ಕರೆಂಟು ಹೋಗಿದೆ ಎಂದುಕೊಂಡು ಅವಳು ಬಾಗಿಲ ಬೆಳಕಿಗೆ ಸರಿದು ಕತ್ತರಿಸುತ್ತಲೇ ಹೋದಳು. ಹೆಬ್ಬೆಟ್ಟಿನಷ್ಟು ದಪ್ಪದ ಒಂದು ಗಂಟು ಮಾತ್ರ ಏನು ಮಾಡಿದರೂ ಜಗ್ಗಲಿಲ್ಲ. ಅದನ್ನು ಮೂಲೆಗೆ ಎಸೆದು, ಉಳಿದ ಚೂರುಗಳನ್ನು ಹತ್ತಿಗೆ ಬೆರೆಸಿ ದಬ್ಬಣ ಹಿಡಿದು ಹೊಲಿದಳು.

ಭಾನುವಾರ ಊಟವಾದ ಮೇಲೆ ಯೋಗೇಶ್ ಅದರ ಮೇಲೆ ಅಂಗಾತ ಮಲಗಿದ.

“ಎಂಗೈತೆ?”

“ಅಮ್ಮನ ಮಡಿಲು ಇದ್ದಂಗೈತೆ ಕಣೇ,” ಎಂದು ಕಣ್ಣು ಮುಚ್ಚಿದ.

ಅವಳು ಪಾತ್ರೆ ತೊಳೆಯುತ್ತಿದ್ದಾಗ ಸ್ಪ್ರಿಂಗಿನ ಸದ್ದು ಕೇಳಿತು. ಒಂದು. ಆಮೇಲೆ ಇನ್ನೊಂದು. ಮಗ್ಗುಲು ಬದಲಿಸುತ್ತಿದ್ದಾನೆ ಎಂದುಕೊಂಡಳು. ಆದರೆ ಅದು ನರಳುವ ಸದ್ದಾಗಿತ್ತು. ಹೆಂಗಸಿನ ನರಳಾಟ. ಓಡಿಬಂದು ನೋಡಿದಾಗ ಯೋಗೇಶ್ ಅಲುಗಾಡದೆ ಮಲಗಿದ್ದ. ಹಾಸಿಗೆ ಉಬ್ಬಿ ಅವನ ಮೈಯನ್ನು ಅರ್ಧದವರೆಗೆ ಸುತ್ತಿಕೊಂಡಿತ್ತು.

“ಹರಿತಾ, ಸೊಂಟದ ಕೆಳಗೆ ಏನೂ ಗೊತ್ತಾಗ್ತಿಲ್ಲ. ಯಾರೋ ಹಿಡ್ಕೊಂಡವ್ರೆ.”

ತೋಳು ಹಿಡಿದು ಎಳೆದಳು. ಬರಲಿಲ್ಲ. ಬೆನ್ನಿನಡಿ ಕೈ ತೂರಿಸಿದಳು. ಬಟ್ಟೆಯೊಳಗಿಂದ ಬೆರಳುಗಳಂಥದ್ದೇನೋ ಅವಳ ಮಣಿಕಟ್ಟನ್ನು ಮುಟ್ಟಿ ನೋಡಿತು. ತಣ್ಣಗಿತ್ತು. ಗಂಜಿಯ ವಾಸನೆ ಮೂಗಿಗೆ ಅಡರಿತು. ಯೋಗೇಶನ ಎದೆ ಏರುವುದು ಕಡಿಮೆಯಾಗುತ್ತಿತ್ತು. ಹರಿತಾಳ ನಗು ಅಲ್ಲಿಗೆ ಸತ್ತಿತು. ಮೂಲೆಯ ದಪ್ಪ ಗಂಟನ್ನು ಎತ್ತಿಕೊಂಡು ಜಗಲಿಗೆ ಓಡಿದಳು.

ಕೇಶವಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಮಾವ, ನಿಮ್ಮ ಮಗ ಸಾಯ್ತಿದಾನೆ. ಅತ್ತೆಗೆ ಏನು ಮಾಡಿದ್ರಿ ಅಂತ ಒಪ್ಕೊಂಡು ಈ ಗಂಟು ಬಿಚ್ಚಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಅವನು ಗಂಟನ್ನು ನೋಡಿದ. ಗುರುತು ಸಿಕ್ಕಿತು. ಅದು ಅವನ ಮುಖದಲ್ಲೇ ಕಾಣಿಸಿತು. ಮಗನ ಕೂಗು ಒಳಗಿಂದ ಕ್ಷೀಣವಾಗಿ ಬರುತ್ತಿತ್ತು. ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡ.

“ಅವಳಿಗೆ ನಾನೇನಮ್ಮಾ ಮಾಡಿದೀನಿ? ಅನ್ನ ಹಾಕಿದೀನಿ. ಡಾಕ್ಟ್ರಿಗೆ ಫೋನ್ ಮಾಡು. ಊರ್ಕೋ.”

ಆ ಕ್ಷಣದಲ್ಲಿ ಹರಿತಾಳಿಗೆ ಮಾಟದ ಭಯಕ್ಕಿಂತ ಆ ಮುದುಕನ ಮೇಲೆ ಹೇಸಿಗೆ ಹುಟ್ಟಿತು. ಮಗನಿಗಿಂತ ಒಂದು ಮಾತು ದೊಡ್ಡದಾಯಿತಲ್ಲ. ವಾಪಸ್ಸು ಓಡಿದಳು. ಹಾಸಿಗೆಯ ಮಗ್ಗುಲ ಹೊಲಿಗೆ ಹರಿದಳು. ಕೈ ತೂರಿಸಿದಳು. ತಾನೇ ಕತ್ತರಿಸಿದ ಚೂರು ಹುಡುಕಿದಳು. ಗಂಟು ಹಾಕಿದಳು.

ಮೊದಲ ಗಂಟಿಗೇ ಕೆನ್ನೆ ಚುರುಗುಟ್ಟಿತು. ಯಾರೋ ಹೊಡೆದ ಹಾಗೆ. ಇನ್ನೊಂದು. ಹೊಟ್ಟೆಯಲ್ಲಿ ಹಸಿವು, ಮುಂದಿನಿಂದ ಎತ್ತಿಕೊಂಡು ಹೋದ ತಟ್ಟೆ. ಇನ್ನೊಂದು. ಹಾಲು ಕಟ್ಟಿದ ಎದೆ, ಅಳುವ ಮಗು, ಗುಂಡಿಯಿಂದ ಏಳಬಾರದು. ಊರ್ಕೋ. ಇನ್ನೊಂದು. ಮುರಿದ ಸೊಂಟ. ಒದ್ದೆ ಬಟ್ಟೆ. ಬದಲಿಸುವವರಿಲ್ಲ. ಊರ್ಕೋ. ಕೈ ನಿಲ್ಲಲಿಲ್ಲ. ಉಗುರು ಕಿತ್ತುಬಂತು. ನಿಲ್ಲಲಿಲ್ಲ. ಒಂದೊಂದು ಗಂಟಿಗೂ ಯೋಗೇಶನ ಮೈ ಒಂದಿಷ್ಟು ಸಡಿಲವಾಗುತ್ತಿತ್ತು. ಅವಳ ಮೈ ಒಂದಿಷ್ಟು ಬಿಗಿಯುತ್ತಿತ್ತು. ಸ್ಪ್ರಿಂಗು ಕಿರುಗುಟ್ಟಿತು. ಬಿಟ್ಟಿತು. ಯೋಗೇಶ್ ಪಕ್ಕಕ್ಕೆ ಉರುಳಿ ನೆಲಕ್ಕೆ ಬಿದ್ದ.

ಸಂಜೆಗೆ ಅವನು ಎದ್ದು ಓಡಾಡಿದ. ಬೆನ್ನುನೋವೇ ಇರಲಿಲ್ಲ. ಹರಿತಾ ನಡೆದದ್ದನ್ನೆಲ್ಲ ಹೇಳಿದಳು. ಅವನ ಅಮ್ಮನ ಕೆನ್ನೆ, ತಟ್ಟೆ, ಗುಂಡಿ, ಒದ್ದೆ ಬಟ್ಟೆ, ಎಲ್ಲ. ಅವನು ತಲೆ ಬಾಚಿಕೊಳ್ಳುತ್ತ ಕೇಳಿದ.

“ಸತ್ತೋರ ವಿಷ್ಯ ಈಗ್ಯಾಕೆ? ಅಪ್ಪನ್ನ ಏನೂ ಅನ್ಬ್ಯಾಡ. ಊರ್ಕೋ.”

ಅಂದವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಯಾರ ಬೆನ್ನಿಗಾಗಿ ಉಗುರು ಕಿತ್ತುಕೊಂಡಿದ್ದಳೋ ಆ ಬೆನ್ನು ನೆಟ್ಟಗೆ ಬೀದಿ ದಾಟುವುದನ್ನು ಹರಿತಾ ನೋಡಿದಳು. ಅವಳಿಗೆ ಅಳು ಬರಲಿಲ್ಲ. ಸೀರೆಯ ಸೆರಗಿನ ಒಂದು ಎಳೆ ಕಿತ್ತು ಬೆರಳುಗಳು ತಾವಾಗಿಯೇ ಗಂಟು ಹಾಕಿದವು. ಅದನ್ನು ಅವಳು ಆಮೇಲೆ ಗಮನಿಸಿದಳು.

ಮರುದಿನ ಕೇಶವಯ್ಯ ಮಗ್ಗದ ಕೋಣೆಗೆ ಬಂದ. ಬೀದಿಯಲ್ಲಿ ಸುದ್ದಿ ಹಬ್ಬಿ ಜನ ಅವನನ್ನು ನೋಡಿ ಗುಸುಗುಸು ಮಾಡಿದ್ದರು. ಅವನಿಗೆ ಅದು ಉರಿ.

“ಹಾಸಿಗೆಗೆ ಮಾಟವಂತೆ. ಸತ್ತ ಹೆಂಗಸಿಗೆ ನಾನು ಹೆದರಬೇಕಂತೆ. ನಾನೇ ಮಲಗಿ ತೋರಿಸ್ತೀನಿ, ನೋಡು.”

ಮಲಗಿದ. ಹಾಸಿಗೆ ಸುಮ್ಮನಿತ್ತು. ಒಳಗಿನ ಗಂಟುಗಳೆಲ್ಲ ಮತ್ತೆ ಬಿಗಿದಿದ್ದವು.

“ಏನೂ ಇಲ್ಲ,” ಎಂದು ಅವನು ನಕ್ಕ. “ಒಳ್ಳೆ ಮೆತ್ತಗೈತೆ. ಇನ್ಮ್ಯಾಲೆ ಇದು ನನಗೇ ಇರ್ಲಿ.”

ಹರಿತಾ ನೆಲದ ಮೇಲೆ ಅವನ ಪಕ್ಕದಲ್ಲಿ ಕೂತಳು. ಮಗ್ಗುಲ ಹೊಲಿಗೆಯನ್ನು ಅವಳಿನ್ನೂ ಮುಚ್ಚಿರಲಿಲ್ಲ. ದಪ್ಪ ಗಂಟನ್ನು ಅವನ ಎದೆಯ ಮೇಲಿಟ್ಟಳು.

“ನಂಗೇನು ಮಾಡಿದೆ, ಒಂದ್ಸಲ ಹೇಳ್ಬುಡು,” ಎಂದಳು.

ಕೇಶವಯ್ಯನ ನಗು ನಿಂತಿತು. ಆ ದನಿ ಸೊಸೆಯದಾಗಿರಲಿಲ್ಲ. ಆ ದನಿಯೊಡನೆ ಅವನು ಮೂವತ್ತು ವರ್ಷ ಬಾಳಿದ್ದ. ಆಗಲೂ ಅವನ ಬಾಯಿಗೆ ಬಂದದ್ದು ಅದೊಂದೇ.

“ಊರ್ಕೋ.”

ಅವಳು ಕತ್ತರಿ ತೆಗೆದುಕೊಂಡಳು. ಹೊಲಿಗೆಯೊಳಗೆ ಕೈ ಹಾಕಿದಳು. ಒಂದು. ಬೀದಿಯ ಮಗ್ಗಗಳು ನಿಂತವು. ಎರಡು. ಸ್ಪ್ರಿಂಗುಗಳು ನರಳಿದವು. ಅವನು ಕೂಗಿದ. ಸೊಸೆಯನ್ನು ಕೂಗಿದ, ಮಗನನ್ನು ಕೂಗಿದ, ಕೊನೆಗೆ ಹೆಂಡತಿಯ ಹೆಸರು ಹಿಡಿದು ಕೂಗಿದ. ಅವಳು ಅವಸರ ಮಾಡಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಕತ್ತರಿಸಿದಳು.

ಒಂದನ್ನು ಮಾತ್ರ ಉಳಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಅದು ಹೊಸದು, ಹಿಂದಿನ ಸಂಜೆ ಸೆರಗಿನ ಎಳೆಯಲ್ಲಿ ಹಾಕಿದ ಅವಳದೇ ಗಂಟು. ಒಪ್ಪಿಕೊಂಡು ಬಿಚ್ಚಲು ಅಮಾವಾಸ್ಯೆಯವರೆಗೆ ಯೋಗೇಶನಿಗೆ ಸಮಯವಿತ್ತು.