ಮೂಲೆಯ ಹಲಗೆ

ಅಜ್ಜಿ ಸಾಯುವಾಗ ಕಾಸಿನ ಸರ ಕಿರಿಸೊಸೆ ಚಿಕ್ಕಮಾದಮ್ಮನಿಗೆ ಎಂದಿದ್ದಳು. ಅದು ಹೋಗಿ ಕೂತದ್ದು ಹಿರಿಸೊಸೆಯ ಕೊರಳಲ್ಲಿ. ದೊಡ್ಡಮ್ಮ ಮದುವೆ ಮನೆಗಳಲ್ಲಿ ಅದನ್ನು ಮೆರೆಸಿಕೊಂಡು ಓಡಾಡುವಾಗ ತನ್ನ ತಾಯಿ ಮೂಲೆಯಲ್ಲಿ ಎಲೆ ಅಡಿಕೆ ಜೋಡಿಸುತ್ತ ಕೂರುವುದನ್ನು ನೋಡಿ ನೋಡಿ ಮಹಾದೇವಸ್ವಾಮಿಯ ಹೊಟ್ಟೆ ಉರಿದುಹೋಗಿತ್ತು. ಕೇಳಿದರೆ ದೊಡ್ಡಪ್ಪ ಶಿವಣ್ಣ ನಗುತ್ತಿದ್ದ. ಕೊನೆಗೆ ಮಹಾದೇವಸ್ವಾಮಿ ಕೇಳುವುದನ್ನು ಬಿಟ್ಟು ಕದಿಯಲು ತೀರ್ಮಾನಿಸಿದ.

ಕದಿಯುವುದೇನೂ ಕಷ್ಟವಿರಲಿಲ್ಲ. ಹುಲ್ಲಹಳ್ಳಿಯ ದೊಡ್ಡಪ್ಪನ ಮನೆಯಲ್ಲಿ ಬೀರುವಿನ ಬೀಗದ ಕೈ ಎಲ್ಲಿರುತ್ತದೆಂದು ಮನೆಮಂದಿಗೆಲ್ಲ ಗೊತ್ತು. ಬಚ್ಚಿಡುವುದೇ ಕಷ್ಟ. ಸರ ಹೋಯಿತೆಂದರೆ ಪೊಲೀಸರು ಮೊದಲು ತಡಕುವುದು ಅವನ ಮನೆಯನ್ನೇ. ಆದರೆ ಕಳೆದುಕೊಂಡವರ ಮನೆಯ ಗೋಡೆಯನ್ನು ಯಾರು ಬಿಚ್ಚಿ ನೋಡುತ್ತಾರೆ?

ಶಿವಣ್ಣ ಆಗ ನಂಜನಗೂಡಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದ. ಹೊರಗೋಡೆಗೆ ಫೈಬರ್ ಸಿಮೆಂಟ್ ಹಲಗೆ ಹೊದಿಸುವುದು ಆ ವರ್ಷಗಳ ಹೊಸ ಶೋಕಿ. ಹಲಗೆ ಸರಿಯಾಗಿ ಕೂತಿದೆಯೇ ಎಂದು ತಟ್ಟಿ, ಸ್ಕ್ರೂಗಳನ್ನು ಮುಟ್ಟಿ ನೋಡಿ ಪಾಸು ಮಾಡುವುದೇ ಮಹಾದೇವಸ್ವಾಮಿಯ ನೌಕರಿ. ಕೆಲಸದವರು ಊಟಕ್ಕೆ ಹೋದಾಗ ಅವನು ಮೂಲೆಯ ಹಲಗೆ ಬಿಚ್ಚಿದ, ಹಿಂದಿನ ಸಂದಿಯಲ್ಲಿ ಸರವಿಟ್ಟ, ಕಚ್ಚಿಯೂ ಕಚ್ಚದಂಥ ಗಿಡ್ಡ ಸ್ಕ್ರೂ ಹಾಕಿ ಮುಚ್ಚಿದ. ಗಲಾಟೆ ತಣ್ಣಗಾದ ಮೇಲೆ ತಪಾಸಣೆಯ ನೆಪದಲ್ಲಿ ಬಂದು ತೆಗೆದರಾಯಿತು. ಆ ಗೋಡೆಯನ್ನೂ ಪಾಸು ಮಾಡಿದ. ಪೊಲೀಸರು ಬಂದು ಅವನ ಮನೆಯ ರಾಗಿ ಡಬ್ಬವನ್ನೂ ಬಿಡದೆ ಹುಡುಕಿ ಬರಿಗೈಯಲ್ಲಿ ಹೋದಾಗ ಅವನಿಗೆ ತನ್ನ ಬುದ್ಧಿಯ ಮೇಲೆ ಅಭಿಮಾನವೇ ಉಕ್ಕಿತು.

ಗೃಹಪ್ರವೇಶದ ಬೆಳಿಗ್ಗೆ ಹಸುವನ್ನು ಮನೆಯೊಳಗೆಲ್ಲ ನಡೆಸಿ, ಹೊರಗೆ ತಂದು ಆ ಮೂಲೆಯಲ್ಲೇ ನಿಲ್ಲಿಸಿದರು. ಕೊರಳಿನ ಹೂವಿನ ಹಾರ ಚುಚ್ಚುತ್ತಿತ್ತೋ ಏನೋ, ಅದು ಹಲಗೆಗೆ ಕತ್ತು ಉಜ್ಜತೊಡಗಿತು. ಹಲಗೆ ಕಿರ್ರೆಂದಿತು. ಮಹಾದೇವಸ್ವಾಮಿ ಓಡಿ ಹೋಗಿ ಹಗ್ಗ ಹಿಡಿದ.

"ಬುಡ್ಲಾ, ಎಳೀಬ್ಯಾಡ!" ಶಿವಣ್ಣ ಗದರಿದ. "ಗೋಮಾತೆ ಇವತ್ತು ಏನ್ ಮಾಡುದ್ರೂ ಒಳ್ಳೇದೇಯ."

"ಗ್ವಾಡೆ ಆಳಾಯ್ತದೆ, ದೊಡ್ಡಪ್ಪ..."

"ಆಗ್ಲಿ ಬುಡು."

ಹೆಂಗಸರು ಹಸುವಿಗೆ ಕೈ ಮುಗಿದರು. ಅವನು ಎಳೆಯಲೂ ಆಗದೆ, ಬಿಡಲೂ ಆಗದೆ ಹಗ್ಗ ಹಿಡಿದು ನಿಂತ.

ಗಾಳಿ, ಮಳೆ, ಪೊಲೀಸು ಎಲ್ಲವನ್ನೂ ಯೋಚಿಸಿದ್ದವನಿಗೆ ಹಸುವಿಗೂ ಕತ್ತು ತುರಿಸುತ್ತದೆ ಎಂಬುದೊಂದು ಹೊಳೆದಿರಲಿಲ್ಲ. ಹಲಗೆ ಕಳಚಿ ಬಿತ್ತು, ಅದರ ಹಿಂದೆಯೇ ಸರವೂ ಬಿತ್ತು. ಶಿವಣ್ಣ ಗಿಡ್ಡ ಸ್ಕ್ರೂವೊಂದನ್ನು ಎತ್ತಿ ನೋಡಿ, "ಈ ಗ್ವಾಡೆ ಚೆಕ್ ಮಾಡ್ದೋನು ನೀನೇ ಅಲ್ವೇನ್ಲಾ?" ಎಂದ. ಅಷ್ಟರಲ್ಲಿ ಚಿಕ್ಕಮಾದಮ್ಮ ಮಗನಿಗೆ ಅಡ್ಡ ಬಂದು ನಿಂತು, "ಅವುಂದೇನೂ ಇಲ್ಲ ಬಾವ, ನಾನೇ ಇಡ್ಸಿದ್ದು," ಎಂದಳು.