ತಣ್ಣೀರಿನ ಗೀಸರ್

ಅವಳು ಮಾಡಿರಲಾರಳು, ಆದರೆ ಅವಳಲ್ಲದೆ ಇನ್ಯಾರು? ಎದುರಿನ ಕುರ್ಚಿಯಲ್ಲಿ ಕೂತು ಕರವಸ್ತ್ರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ ಮೇಲಿನ ಮಹಡಿಯ ಸೊಸೆಯನ್ನು ನೋಡುತ್ತ ನಾನು ಇದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೆ. ಅವಳ ಅತ್ತೆಯ ಬೆಂದ ಭುಜಕ್ಕೆ ಒದ್ದೆ ಬಟ್ಟೆ ಹೊದಿಸಿದವನು ನಾನೇ. ಔಷಧದ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದ ಕಂಪೌಂಡರನನ್ನು ಜನ ಇಂಥದ್ದಕ್ಕೆ ಮೊದಲು ಕೂಗುತ್ತಾರೆ. ಆ ಹಿರಿಯಾಕೆ ಆಸ್ಪತ್ರೆಯಲ್ಲಿ ತೀರಿಕೊಂಡು ಆಗಲೇ ವಾರ ಕಳೆದಿತ್ತು.

"ಗೀಸರ್ ಸ್ವಿಚ್ ನಾನು ಹಾಕಿಲ್ಲ ಸರ್," ಎಂದಳು. "ಇವರು ನಂಬ್ತಿಲ್ಲ. ತವರಿಗೆ ಹೋಗು ಅಂದಿದ್ದಾರೆ. ಮಗಳನ್ನ ಮಾತ್ರ ಕಳಿಸಲ್ವಂತೆ."

ನಾನು ಮತ್ತು ವಕೀಲರು ಒಂದೇ ಮನೆಯಲ್ಲಿದ್ದೆವು. ಅವರು ಕೋರ್ಟು ಬಿಟ್ಟು ಬಹಳ ಕಾಲವಾಗಿದ್ದರೂ ಕಟ್ಟಡದವರಿಗೆ ವಕೀಲರೇ. ಕಳುವಾದ ಸೈಕಲ್ಲಿನಿಂದ ಹಿಡಿದು ಕಾಣೆಯಾದ ಅಳಿಯನವರೆಗೆ ಎಲ್ಲರ ಗಂಟೂ ಬಿಚ್ಚುತ್ತಿದ್ದುದು ಅವರ ಮುಂದೆಯೇ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ನಮ್ಮದು ಮರಳುಗಾಡಿನ ಊರು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಕಾಯುತ್ತದೆ. ಆಗ ಎಲ್ಲರೂ ಗೀಸರ್ ಆರಿಸಿ, ಸ್ವಿಚ್ಚಿನ ಮೇಲೆ ಟೇಪು ಅಂಟಿಸಿಬಿಡುತ್ತಾರೆ. ಬಚ್ಚಲಿನ ನೆರಳಲ್ಲಿ, ಗೀಸರಿನ ಹೊಟ್ಟೆಯಲ್ಲಿ ತಂಗಿದ ನೀರೇ ಮನೆಯ ತಣ್ಣೀರು. ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣಗೆ, ನೀಲಿಯಲ್ಲಿ ಬಿಸಿ. ಹೊಸಬರು ಬೆಪ್ಪಾಗುತ್ತಾರೆ, ನಮ್ಮ ಕೈ ಮಾತ್ರ ನಿದ್ದೆಗಣ್ಣಲ್ಲೂ ಕೆಂಪಿಗೇ ಹೋಗುತ್ತದೆ. ಆ ಮಧ್ಯಾಹ್ನ ಅತ್ತೆಯ ಕೈಯೂ ಹೋಗಿತ್ತು. ಷವರಿನಿಂದ ಸುರಿದದ್ದು ಕುದಿನೀರು. ಅವರು ಅಲ್ಲೇ ಅಂಗಾತ ಬಿದ್ದಿದ್ದರು.

"ಹೊಸ ಗೀಸರ್ ಅಲ್ವಾ?" ವಕೀಲರು ಕೇಳಿದರು.

"ಹಾಕಿಸಿ ಒಂದು ವಾರ ಆಗಿತ್ತು. ಹಳೇದರ ಒಳಗೆಲ್ಲ ಸುಣ್ಣ ಕಟ್ಟಿ ಸೋರ್ತಿತ್ತು. ಈ ಗಡಸು ನೀರಿಗೆ ಅಗ್ಗದ್ದು ತಾಳಲ್ಲ. ಒಳ್ಳೇದು ತಗೊಂಡು, ಪೈಪು ಬದಲಾಯಿಸಿ, ಹಳೇದನ್ನ ಕಿತ್ತು ಇಳಿಸೋ ಹೊತ್ತಿಗೆ ಇವರ ಎರಡು ತಿಂಗಳ ಸಂಬಳ ಹೋಯ್ತು. 'ಬೆಂಕಿ ಬಿಸಿಲಲ್ಲಿ ಗೀಸರ್ ಯಾಕೆ, ಚಳಿ ಬರಲಿ' ಅಂದ್ರು. ಅತ್ತೆಗೆ ಮೈಯೆಲ್ಲ ಬೆವರುಸಾಲೆ ಸರ್. ನಾನೇ ಹಟ ಹಿಡಿದೆ. ಅತ್ತೇನೂ ಬೈದ್ರು, 'ನನ್ನ ಹೆಸರು ಹೇಳ್ಕೊಂಡು ಮನೆ ತೊಳೀತಿದ್ದೀಯ' ಅಂತ. ನಾನೂ ಬಾಯಿಗೆ ಬಂದದ್ದು ಅಂದುಬಿಟ್ಟೆ."

"ಏನಂದ್ರಿ?"

ಅವಳು ತಲೆ ತಗ್ಗಿಸಿದಳು. "'ಹಾಗಾದ್ರೆ ಕುದಿಯೋ ನೀರಲ್ಲೇ ಸ್ನಾನ ಮಾಡಿ' ಅಂತ."

ನಾವು ಮೇಲಿನ ಮನೆಗೆ ಹೋದಾಗ ಬಾಗಿಲು ತೆರೆದವರು ಅವಳ ಮಾವ. ಬಟ್ಟೆ ಗಿರಣಿಯ ಬಣ್ಣದ ವಿಭಾಗದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮನುಷ್ಯ. ಈಗ ನೆನಪು ಜರಡಿಯಾಗಿತ್ತು. ಅಂಗಿಯ ಜೇಬಿನಂಚು ಬೆಳ್ಳಗಾಗಿತ್ತು.

"ಯಾಕೆ ವಕೀಲ್ರೇ, ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡಿದ್ದೀರಿ? ಕೇಸು ಸೋತ್ರಾ?" ಎಂದು ನಕ್ಕರು. ಆಮೇಲೆ ಒಳಗೆ ತಿರುಗಿ, "ಅವಳು ಎಲ್ಲಿ? ಬಂದವರಿಗೆ ನೀರು ಕೊಡೋದು ಬೇಡ್ವಾ?" ಎಂದರು.

"ಅಮ್ಮ ಇಲ್ಲ ಅಪ್ಪ," ಎಂದ ಮಗ. ಅದೆಷ್ಟನೇ ಸಲವೋ, ದನಿಯಲ್ಲಿ ಪಸೆಯೇ ಉಳಿದಿರಲಿಲ್ಲ.

ಸ್ವಿಚ್ಚು ಬಚ್ಚಲಿನ ಬಾಗಿಲ ಹಿಂದಿತ್ತು. ಅದರ ಮೇಲಿರಬೇಕಾದ ಟೇಪು ಪಕ್ಕದ ಗೋಡೆಯ ಮೇಲಿತ್ತು. ಹರಿದಿರಲಿಲ್ಲ. ಮತ್ತೆ ಕೀಳಲು ಅನುಕೂಲವಾಗುವಂತೆ ಒಂದು ಮೂಲೆ ಮಡಚಿತ್ತು. ಗೀಸರಿನ ಕೆಳಗಿನ ಎರಡೂ ಪೈಪಿನ ಜಾಯಿಂಟುಗಳ ಸುತ್ತ ಬಿಳಿ ಉಂಗುರ.

"ಸುಣ್ಣ," ಎಂದ ಮಗ. "ಈ ನೀರಿನ ಹಣೆಬರಹ."

ವಕೀಲರು ಅದರ ಮೇಲೆ ಬೆರಳಾಡಿಸಿ, ಬೆರಳನ್ನು ನನಗೆ ತೋರಿಸಿದರು. ಒಣ ಹಿಟ್ಟು. ಆಮೇಲೆ, "ಆಸ್ಪತ್ರೇಲಿ ಅಮ್ಮ ಏನು ಹೇಳಿದ್ರು?" ಎಂದರು.

"ಏನೂ ಇಲ್ಲ. ಸ್ವಿಚ್ ಯಾರು ಹಾಕಿದ್ದು ಅಂತ ಕೇಳಿದಾಗೆಲ್ಲ ಗೋಡೆ ಕಡೆ ತಿರುಗ್ತಿದ್ರು. 'ಅವರು ಊಟ ಮಾಡಿದ್ರಾ?' ಇದೊಂದೇ ಮಾತು. ಸೊಸೆ ಮಾನ ಉಳಿಸಿ ಹೋದ್ರು ಸರ್. ಇಲ್ದಿದ್ರೆ ಹೇಳ್ತಿರಲಿಲ್ವಾ?"

ಮರುದಿನ ಸಂಜೆ ವಕೀಲರು ಅದೇ ಮನೆಯಲ್ಲಿ ಎಲ್ಲರನ್ನೂ ಸೇರಿಸಿದರು: ಮಗ, ಸೊಸೆ, ಗೀಸರ್ ಕೂರಿಸಿದ ಪ್ಲಂಬರ್. ಹಿರಿಯರನ್ನು ನಾನು ಬಾಲ್ಕನಿಗೆ ಕರೆದೊಯ್ದು ಕುರ್ಚಿ ಹಾಕಿ ಕೂರಿಸಿ, ಬಾಗಿಲು ಎಳೆದು ಬಂದೆ.

"ಗೀಸರ್ ಹಾಕಿದ ದಿನ ಹಿರಿಯ ಯಜಮಾನರ ಜೊತೆ ಏನು ಮಾತಾಡ್ದೆ?" ವಕೀಲರು ಪ್ಲಂಬರನನ್ನು ಕೇಳಿದರು.

"ನಾನೇನು ಮಾಡ್ದೆ ಸ್ವಾಮಿ? ಇಷ್ಟು ದುಡ್ಡು ಸುರಿದಿದ್ದೀವಿ, ಜಾಯಿಂಟು ಗಟ್ಟಿಯಿದೆಯಾ ಅಂತ ಅವರೇ ಕೇಳಿದ್ರು. ತಣ್ಣಗಿದ್ದಾಗ ಗೊತ್ತಾಗಲ್ಲ, ಕಾದ ಮೇಲೇನೇ ಸೋರೋದು ಅಂದೆ. ಚಳಿಗಾಲದ ಹೊತ್ತಿಗೆ ನನ್ನ ಗ್ಯಾರಂಟಿ ಮುಗಿದಿರುತ್ತೆ ಅಂತ ತಮಾಷೆ ಮಾಡ್ದೆ. ಅಷ್ಟೇ!"

ಮಗ ನಿಧಾನವಾಗಿ ತಲೆ ಎತ್ತಿದ.

"ಆ ಬಿಳಿ ಉಂಗುರ ಸುಣ್ಣ ಅಲ್ಲ," ಎಂದರು ವಕೀಲರು. "ಸುಣ್ಣ ಕಲ್ಲಿನ ಹಾಗೆ ಕಟ್ಟುತ್ತೆ, ಕೆರೆದರೂ ಬರಲ್ಲ. ಇಷ್ಟು ಹೊಸ ಗೀಸರಿಗೆ ಅದು ಎಲ್ಲಿಂದ ಬರುತ್ತೆ? ಇದು ಸೀಮೆಸುಣ್ಣ. ಬಾಯ್ಲರ್ ಕೆಲಸದವರು ಜಾಯಿಂಟಿಗೆ ಒಣ ಸೀಮೆಸುಣ್ಣ ಉಜ್ಜಿ ಕಾಯಿಸ್ತಾರೆ. ಸಾಸಿವೆಯಷ್ಟು ನೀರು ಜಿನುಗಿದರೂ ಅಲ್ಲಿ ಕಪ್ಪಾಗುತ್ತೆ. ಈ ಮನೇಲಿ ಆ ಪದ್ಧತಿ ಗೊತ್ತಿರೋರು ಒಬ್ಬರೇ. ಅವರ ಜೇಬು ನಿನ್ನೆಯೂ ಬೆಳ್ಳಗಿತ್ತು."

ವಕೀಲರು ಬಚ್ಚಲಿನ ಕಡೆ ಕೈ ತೋರಿಸಿದರು.

"ಇನ್ನು ಟೇಪು. ಕೇಡು ಬಗೆದವರು ಅದನ್ನ ಮೂಲೆ ಮಡಚಿ ಎತ್ತಿಡಲ್ಲ. ಪರೀಕ್ಷೆ ಮುಗಿಸಿ, ಸ್ವಿಚ್ ಆರಿಸಿ, ಮತ್ತೆ ಅಂಟಿಸೋ ಉದ್ದೇಶ ಇತ್ತು. ಮಗನ ದುಡ್ಡು ದಂಡ ಆಗಬಾರದು ಅಂತ ಹಾಕಿದ್ರು. ಹಾಕಿದ್ದನ್ನ ಮರೆತ್ರು."

"ಅಮ್ಮನಿಗೆ..." ಎಂದ ಮಗ.

"ಗೊತ್ತಿತ್ತು. ಕೆಳಗೆ ಬಿದ್ದವರು ಮೇಲೆ ನೋಡಿದಾಗ ಆ ಉಂಗುರ ಕಂಡಿರಬೇಕು. ಆ ಪುಡಿಯನ್ನ ಜೀವಮಾನವಿಡೀ ಗಂಡನ ಅಂಗಿಯಿಂದ ಒಗೆದು ತೆಗೆದವರು. ಸ್ವಿಚ್ಚಿನ ವಿಷಯ ಕೇಳಿದಾಗ ಗೋಡೆಗೆ ತಿರುಗಿದ್ರು. ಬಾಯಿ ಬಿಟ್ಟಾಗ ಗಂಡನನ್ನೇ ಕೇಳಿದ್ರು. ಅವರು ಕಾಪಾಡಿದ್ದು ಸೊಸೇನ ಅಲ್ಲಪ್ಪ. ತಮ್ಮ ಮೌನದ ಬೆಂಕಿ ಯಾರ ಮೈಮೇಲೆ ಬೀಳುತ್ತೆ ಅಂತ ಯೋಚಿಸೋ ಸ್ಥಿತೀಲಿ ಅವರಿರಲಿಲ್ಲ."

ಮಗ ಎದ್ದು ಹೆಂಡತಿಯ ಮುಂದೆ ನೆಲದ ಮೇಲೆ ಕುಸಿದು ಕೂತ. ಅವಳು ಅವನ ತಲೆಯ ಮೇಲೆ ಕೈ ಇಡಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಬಾಲ್ಕನಿಯ ಕಡೆ ನೋಡಿ ಹೇಳಿದಳು:

"ಮಾವನಿಗೆ ಇದು ಗೊತ್ತಾಗಬಾರದು. ಅವರು ಕೇಳಿದ್ರೆ, ಸ್ವಿಚ್ ನಾನೇ ಹಾಕಿದ್ದು ಅಂತ ಇರಲಿ."

"ಏನು ಮಾತು ಇದು?" ಮಗ ಬೆಚ್ಚಿದ.

"ಅವರಿಗೆ ಮಾತ್ರ. ನೀವು ನಂಬಿದ್ರಲ್ಲ, ಅವರೂ ನಂಬ್ತಾರೆ ಬಿಡಿ."

ಪ್ಲಂಬರ್ ಮುಖ ಒರೆಸಿಕೊಂಡು ಹೊರಗೆ ಹೋದ. ನಾನು ಹಿರಿಯರನ್ನು ಕರೆತರಲು ಎದ್ದೆ. ನಾನು ಎಳೆದು ಬಂದಿದ್ದ ಬಾಗಿಲು ಅಂಗೈ ಅಗಲ ತೆರೆದಿತ್ತು. ಅವರು ಕುರ್ಚಿಯಲ್ಲಿ ಹಾಗೆಯೇ ಕೂತಿದ್ದರು. ಕಾಲಬಳಿ ನೆಲದ ಮೇಲೆ ಪುಡಿಪುಡಿಯಾದ ಸೀಮೆಸುಣ್ಣ ಬಿದ್ದಿತ್ತು. ಬಲಗೈ ಪೂರ್ತಿ ಬೆಳ್ಳಗಾಗಿತ್ತು.

"ಸೊಸೆ ಒಳ್ಳೇ ಹುಡುಗಿ ಕಂಪೌಂಡರೇ," ಎಂದರು, ನನ್ನ ಮುಖ ನೋಡದೆ. "ಅವಳನ್ನ ಎಲ್ಲಿಗೂ ಕಳಿಸಬೇಡ ಅಂತ ನನ್ನ ಮಗನಿಗೆ ಹೇಳಿ."

ಸೊಸೆ ಆ ಮನೆಯಲ್ಲೇ ಉಳಿದಳು. ಹಿರಿಯರು ಇನ್ನೂ ಎರಡು ಬೇಸಿಗೆ ಬದುಕಿದರು. ಸ್ನಾನಕ್ಕೆ ಕೆಂಪು ನಲ್ಲಿ ತಿರುಗಿಸಿಕೊಡಲು ಹೋದರೆ ಬೇಡವೆಂದು, ನೀಲಿಯ ಸುಡುವ ನೀರನ್ನೇ ಬಕೆಟ್ಟಿನಲ್ಲಿ ಆರಿಸಿಕೊಳ್ಳುತ್ತಿದ್ದರು. ಆ ಸಂಜೆಯಿಂದ ಅವರು "ಅವಳು ಎಲ್ಲಿ?" ಎಂದು ಕೇಳುವುದನ್ನೂ ನಿಲ್ಲಿಸಿದ್ದರು. ಹೆಂಡತಿಯನ್ನೂ ಮರೆತುಬಿಟ್ಟರು ಎಂದು ಮನೆಯವರು ತಿಳಿದರು.

ಅಂದು ಎಲ್ಲವೂ ಕೇಳಿಸಿತ್ತು ಎಂದು ಅವರು ಯಾರಿಗೂ ಹೇಳಲಿಲ್ಲ.