ಗಾಡಿ ಯಾವಾಗ ಹೊರಡುತ್ತೆ?

"ಏನಂತೆ ಅವನಿಗೆ? ಕೇಳೇ!" ಎಂದು ಯೊಲೆತ್ ಅತ್ತೆ ಮೊಣಕೈಯಿಂದ ತಿವಿದಳು.

ಗೆರ್ಲಿನ್ ಕೇಳಿಸದವಳ ಹಾಗೆ ರಸ್ತೆ ಕಡೆ ಮುಖ ತಿರುಗಿಸಿದಳು.

ಪೋರ್ಸಾಲು ಊರಿಗೆ ಹೋಗುವ ಟ್ಯಾಪ್‌ಟ್ಯಾಪ್ ಬಾಡಿಗೆ ಗಾಡಿ ಲೆಕಾಯ್ ಸ್ಟ್ಯಾಂಡಿನಲ್ಲಿ ನಿಂತಿತ್ತು. ಅದರ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಉದ್ದದ ಬೆಂಚು. ಎದುರು ಬೆಂಚಿನ ಮೂಲೆಯಲ್ಲಿ ಒಬ್ಬ ಬ್ಲಾಂ ಕೂತಿದ್ದ. ಬೇರೆ ದೇಶದಿಂದ ಬಂದವರು ಯಾರೇ ಆಗಲಿ, ಲೆಕಾಯ್ ಊರಿನವರಿಗೆ ಅವರೆಲ್ಲ ಬ್ಲಾಂ. ಇವನ ಮೂಗಿನ ಚರ್ಮ ಬಿಸಿಲಿಗೆ ಸುಲಿದಿತ್ತು. ಕೈಮೇಲೆಲ್ಲ ಸೊಳ್ಳೆ ಕಚ್ಚಿದ ಕೆಂಪು ಗುಳ್ಳೆಗಳು. ಬೇರೆಯವರ ಗಂಟುಮೂಟೆ ಎಲ್ಲ ಗಾಡಿಯ ಮೇಲೆ ಹೋಗಿದ್ದರೂ ಇವನು ಮಾತ್ರ ತನ್ನ ದೊಡ್ಡ ಬ್ಯಾಗನ್ನು ಮಗುವಿನ ಹಾಗೆ ತೊಡೆಮೇಲೆ ಅವಚಿಕೊಂಡಿದ್ದ.

ಅವನು ಮತ್ತೆ ಏನೋ ಕೇಳಿದ. ಎಲ್ಲರೂ ಗೆರ್ಲಿನ್ ಕಡೆ ನೋಡಿದರು. ಅದಕ್ಕೆ ಕಾರಣ ಅತ್ತೆಯೇ. ಗಾಡಿ ಹತ್ತಿದ ಕೂಡಲೇ ಅವಳು ಎಲ್ಲರಿಗೂ ಹೇಳಿಬಿಟ್ಟಿದ್ದಳು: "ನಮ್ಮ ಗೆರ್ಲಿನ್‌ಗೆ ಇಂಗ್ಲಿಷ್ ಅಂದ್ರೆ ನೀರು ಕುಡಿದಷ್ಟು ಸುಲಭ. ಪಾತ್ರೆ ತೊಳೀವಾಗ್ಲೂ ಇಂಗ್ಲಿಷ್ ಹಾಡೇ!"

ಹಾಡುತ್ತಿದ್ದದ್ದು ನಿಜ. ಆದರೆ ಆ ಹಾಡಿನಲ್ಲಿ ಏನಿದೆ ಅಂತ ಗೆರ್ಲಿನ್‌ಗೂ ಗೊತ್ತಿರಲಿಲ್ಲ. ಸ್ಕೂಲಿನಲ್ಲಿ ಇಂಗ್ಲಿಷ್ ಶುರುವಾಗಿದ್ದು ಈ ವರ್ಷ. ಅವಳಿಗೆ ಗುಡ್ ಮಾರ್ನಿಂಗ್ ಬರುತ್ತಿತ್ತು. ಬಣ್ಣಗಳು ಬರುತ್ತಿದ್ದವು. ಮೊನ್ನೆ ಗಡಿಯಾರದ ಪಾಠ ಆಗಿತ್ತು. 'ಬೆಕ್ಕು ಮೇಜಿನ ಮೇಲಿದೆ' ಅನ್ನೋದಂತೂ ತಪ್ಪಿಲ್ಲದೆ ಬರುತ್ತಿತ್ತು. ಆದರೆ ಇಲ್ಲಿ ಬೆಕ್ಕೂ ಇರಲಿಲ್ಲ, ಮೇಜೂ ಇರಲಿಲ್ಲ.

ಬ್ಲಾಂ ತನ್ನ ವಾಚನ್ನು ಬೆರಳಿನಿಂದ ತಟ್ಟಿ ತೋರಿಸಿದ. 'ಟೈಮ್' ಅನ್ನುವ ಒಂದು ಮಾತು ಅವಳ ಕಿವಿಗೆ ಸಿಕ್ಕಿತು.

"ಗಾಡಿ ಯಾವಾಗ ಹೊರಡುತ್ತೆ ಅಂತ ಕೇಳ್ತಿದಾನೆ," ಎಂದಳು.

"ನೋಡಿದ್ರಾ?" ಅತ್ತೆ ಸುತ್ತಲೂ ನೋಡಿ ಬೀಗಿದಳು. "ಓನೆಲ್, ಏಯ್ ಓನೆಲ್! ಗಾಡಿ ಯಾವಾಗ ಹೊರಡುತ್ತೆ ಅಂತೆ!"

ಡ್ರೈವರ್ ಓನೆಲ್ ಗಾಡಿಯ ಮೇಲೆ ನಿಂತು ಇದ್ದಿಲು ಮೂಟೆಗಳಿಗೆ ಹಗ್ಗ ಬಿಗಿಯುತ್ತಿದ್ದ. "ಇದೇನು ಕೇಳೋ ಮಾತಾ? ತುಂಬಿದಾಗ ಹೊರಡುತ್ತೆ!" ಎಂದು ಮೇಲಿನಿಂದಲೇ ಕೂಗಿದ.

ತುಂಬಿದಾಗ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಗೆರ್ಲಿನ್ ತಲೆಯೊಳಗೆಲ್ಲ ಹುಡುಕಿದಳು. ಕೆಂಪು, ಹಳದಿ, ಬೆಕ್ಕು, ಮೇಜು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಕಂಕುಳಲ್ಲಿ ಹುಂಜ ಇಟ್ಟುಕೊಂಡು ಕೂತಿದ್ದವನು ನೋಡುತ್ತಿದ್ದ. ಅವನ ಹುಂಜವೂ ಕತ್ತು ಓರೆ ಮಾಡಿ ನೋಡುತ್ತಿತ್ತು.

"ಟೆನ್ ಮಿನಿಟ್ಸ್," ಎಂದಳು ಗೆರ್ಲಿನ್.

ಬ್ಲಾಂನ ಮುಖ ಅರಳಿತು. "ಥ್ಯಾಂಕ್ ಯೂ!" ಎಂದ. ಹುಂಜದವನು ಸಿಳ್ಳೆ ಹಾಕಿದ. ಅತ್ತೆ ಬಹುಮಾನ ಕೊಡುವವಳ ಹಾಗೆ ತನ್ನ ಕರವಸ್ತ್ರದಿಂದ ಗೆರ್ಲಿನ್‌ಳ ಹಣೆ ಒರೆಸಿದಳು.

ಹತ್ತು ನಿಮಿಷ ಆಯಿತು. ಒಬ್ಬ ಹೆಂಗಸು ಬ್ರೆಡ್ಡಿನ ಬುಟ್ಟಿ ಹೊತ್ತು ಬಂದು ಹತ್ತಿದಳು. ಅಷ್ಟೇ. ಬೆಂಚಿನಲ್ಲಿ ಇನ್ನೂ ಎಷ್ಟೋ ಜಾಗ ಇತ್ತು. ತಗಡಿನ ಚಾವಣಿ ಕಾದು ಬಾಣಲೆಯಾಗಿತ್ತು.

ಬ್ಲಾಂ ವಾಚ್ ನೋಡಿದ. ಗೆರ್ಲಿನ್‌ಳನ್ನು ನೋಡಿದ. ಮತ್ತೆ ಕೇಳಿದ.

ಈ ಸಲ ಅವಳು ಓನೆಲ್‌ನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಒಂದು ಸಲ ಹೇಳಿದ್ದನ್ನು ಈಗ ಬದಲಾಯಿಸುವುದು ಹೇಗೆ? "ಟೆನ್ ಮಿನಿಟ್ಸ್," ಎಂದಳು. ಧ್ವನಿ ಸ್ವಲ್ಪ ಸಣ್ಣದಾಗಿತ್ತು.

ಮೂರನೇ ಸಲ ಅವನು ಕೇಳಿದಾಗ ನಗು ಇರಲಿಲ್ಲ. ಮೂರನೇ ಸಲವೂ ಅವಳು ಅದನ್ನೇ ಹೇಳಿದಳು.

ಬ್ಲಾಂ ಒಂದೇ ಉಸಿರಿಗೆ ಏನೇನೋ ಹೇಳಿದ.

"ಏನಂತೆ? ಏನಂತೆ?"

"ಸೆಖೆ ಅಂತೆ," ಎಂದಳು ಗೆರ್ಲಿನ್.

"ಪಾಪ. ಹೈಟಿಯ ಬಿಸಿಲು ಅವನಿಗೆ ಹೊಸದು," ಎಂದರು ಅವನ ಪಕ್ಕದಲ್ಲೇ ಕೂತಿದ್ದ ಕ್ಲೆರ್ಸಿಯಾ ಅಜ್ಜಿ. ತಮಗಾಗಿ ಕೊಂಡಿದ್ದ ನೀರಿನ ಪ್ಯಾಕೆಟ್ ತೆಗೆದು ಅವನ ಮುಂದೆ ಹಿಡಿದರು. "ತಗೋ ಮಗಾ. ಕುಡಿ."

ಬ್ಲಾಂ ಎರಡೂ ಕೈ ಅಡ್ಡ ಹಿಡಿದ. "ನೋ, ನೋ, ನೋ!"

"ಯಾಕೆ? ನನ್ನ ನೀರಲ್ಲಿ ವಿಷ ಇದೆಯಂತಾ?" ಅಜ್ಜಿಯ ಹುಬ್ಬು ಗಂಟಾಯಿತು. "ಏ ಹುಡುಗಿ, ದುಡ್ಡೇನೂ ಬೇಡ, ಸುಮ್ನೆ ಕೊಡ್ತಿದೀನಿ ಅಂತ ಹೇಳು."

ಸುಮ್ಮನೆ ಕೊಡುವುದಕ್ಕೆ ಏನನ್ನುತ್ತಾರೆ? ಗೆರ್ಲಿನ್ ಬೆವರಿದಳು. "ವಾಟರ್," ಎಂದಳು. "ಗುಡ್ ವಾಟರ್! ಗುಡ್ ವಾಟರ್!"

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ಬಸ್‌ಸ್ಟ್ಯಾಂಡಿನಲ್ಲಿ ನೀರು ಮಾರುವವರು ಕೂಗುವುದೂ ಹೀಗೇ.

"ನೋ ಮನಿ!" ಎಂದು ಬ್ಲಾಂ ಪ್ಯಾಂಟಿನ ಜೇಬು ಹೊರಗೆಳೆದು ಎಲ್ಲರಿಗೂ ತೋರಿಸಿದ. ಅದು ಯಾರೂ ಹೇಳಿಕೊಡದೆಯೇ ಅರ್ಥವಾಯಿತು. ಅಜ್ಜಿ ನೀರಿನ ಪ್ಯಾಕೆಟ್ಟನ್ನು ವಾಪಸ್ ಚೀಲಕ್ಕೆ ಹಾಕಿ, ಅವನಿಗೆ ಬೆನ್ನು ತಿರುಗಿಸಿ ಕೂತರು. "ನಾನೇನು ಅವನ ಹತ್ರ ಭಿಕ್ಷೆ ಕೇಳಿದ್ನಾ?"

ಅಷ್ಟರಲ್ಲಿ ಓನೆಲ್ ಕೆಳಗಿಳಿದು ಬಂದ. ಬ್ಲಾಂ ಎದ್ದು ನಿಂತ. ತಲೆ ಚಾವಣಿಗೆ ಬಡಿಯಿತು. ಕೋಪ ಇನ್ನೂ ಹೆಚ್ಚಾಯಿತು. "ಟೆನ್ ಮಿನಿಟ್ಸ್! ಟೆನ್ ಮಿನಿಟ್ಸ್! ಟೆನ್ ಮಿನಿಟ್ಸ್!" ಎಂದು ಓನೆಲ್‌ನ ಮುಖದ ಮುಂದೆ ಬೆರಳು ಆಡಿಸಿದ. ಕೊನೆಗೆ ಇನ್ನೊಂದು ಮಾತು ಹೇಳಿದ. ಅದು ಗೆರ್ಲಿನ್‌ಗೆ ಗೊತ್ತಿಲ್ಲದ ಮಾತು. ಆದರೂ ಅದು ಬೈಗುಳವೇ ಅಂತ ಅವನ ಧ್ವನಿಯಲ್ಲೇ ಗೊತ್ತಾಯಿತು.

"ನಾನೇನಪ್ಪಾ ಮಾಡ್ದೆ?" ಎಂದು ಓನೆಲ್ ಕಣ್ಣು ಕಣ್ಣು ಬಿಟ್ಟ. "ಏನೋ ಮಿನಿಟ್ಟು ಮಿನಿಟ್ಟು ಅಂತಾನೆ. ನಾನು ಮಿನಿಟ್ಟಿನ ಮಾತೇ ಎತ್ತಿಲ್ವಲ್ಲ!"

ಬ್ಲಾಂ ಬ್ಯಾಗು ಬೆನ್ನಿಗೇರಿಸಿ ಕೆಳಗೆ ಹಾರಿದ. ಪೋರ್ಸಾಲು ಕಡೆಯ ರಸ್ತೆ ಹಿಡಿದು, ಸುಡುವ ಬಿಸಿಲಿನಲ್ಲಿ ದಾಪುಗಾಲು ಹಾಕುತ್ತ ಹೊರಟುಹೋದ.

"ಪೋರ್ಸಾಲು ತನಕ ನಡೀತಾನಾ? ರಾತ್ರಿ ಆಗುತ್ತೆ!" ಎಂದ ಹುಂಜದವನು.

"ನಡೀಲಿ ಬಿಡಿ. ಕಾಲು ಅವಂದು," ಎಂದರು ಅಜ್ಜಿ.

ಅವನು ಹೋಗಿದ್ದೇ ತಡ, ಸಂತೆ ಮುಗಿಸಿದ ಹೆಂಗಸರ ದೊಡ್ಡ ಗುಂಪೊಂದು ಬಂತು. ಗಾಡಿ ಕ್ಷಣದಲ್ಲಿ ಭರ್ತಿಯಾಯಿತು. ಗೆರ್ಲಿನ್‌ಳ ಬಿಳಿ ರಿಬ್ಬನ್ ಕಟ್ಟಿದ ಜಡೆ ಒಬ್ಬರ ಬುಟ್ಟಿಗೂ ಇನ್ನೊಬ್ಬರ ಭುಜಕ್ಕೂ ನಡುವೆ ಸಿಕ್ಕಿಕೊಂಡಿತು. ಓನೆಲ್ ಹಿಂದಿನ ಸರಪಳಿ ಹಾಕಲು ಬಂದ. ಅವನ ಮುಖ ಇನ್ನೂ ಬಾಡಿತ್ತು.

"ಓನೆಲಣ್ಣ," ಎಂದಳು ಗೆರ್ಲಿನ್. "ಟೆನ್ ಮಿನಿಟ್ಸ್ ಅಂದಿದ್ದು ನಾನು."

"ಏನು ಹಾಗಂದ್ರೆ?"

"ಹತ್ತು ನಿಮಿಷಕ್ಕೆ ಹೊರಡುತ್ತೆ ಅಂತ. ಮೂರು ಸಲ ಹೇಳ್ದೆ. ತುಂಬಿದಾಗ ಅನ್ನೋದಕ್ಕೆ ನಂಗೆ ಇಂಗ್ಲಿಷ್ ಬರಲ್ಲ."

ಇಡೀ ಗಾಡಿ ಗೊಳ್ಳೆಂದು ನಕ್ಕಿತು. ಬ್ರೆಡ್ಡಿನವಳು ಬುಟ್ಟಿ ತಬ್ಬಿಕೊಂಡು ನಕ್ಕಳು. "ನೀರು ಕುಡಿದಷ್ಟು ಸುಲಭ!" ಎಂದು ಹುಂಜದವನು ಅತ್ತೆಯ ಧ್ವನಿಯಲ್ಲೇ ಹೇಳಿದ. ಅತ್ತೆ ಮಾತ್ರ ನಗಲಿಲ್ಲ. ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಓನೆಲ್ ಕೂಡ ನಗಲಿಲ್ಲ. "ಹಾಗಾದ್ರೆ ಅವನು ನನ್ನನ್ನ ಸುಳ್ಳ ಅಂದ," ಎಂದ. "ಇಷ್ಟು ವರ್ಷ ಗಾಡಿ ಓಡಿಸ್ತಿದೀನಿ. ಹಾಗಂತ ಒಬ್ರೂ ಅಂದಿರ್ಲಿಲ್ಲ." ಹೋಗಿ ಸ್ಟೇರಿಂಗ್ ಮುಂದೆ ಕೂತ.

ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಗೆರ್ಲಿನ್‌ಗೆ.

ಗಾಡಿ ಊರು ದಾಟಿತು. ಸೇತುವೆ ದಾಟಿತು. ಅಲ್ಲೇ ಮುಂದೆ, ರಸ್ತೆಯಂಚಿನಲ್ಲಿ, ಆ ದೊಡ್ಡ ಬ್ಯಾಗು ನಡೆಯುತ್ತಿತ್ತು. ಬಾಡಿಗೆ ಬೈಕಿನವರು ಒಬ್ಬೊಬ್ಬರಾಗಿ ಅವನ ಪಕ್ಕ ನಿಧಾನಿಸಿ, ಬಾ ಎಂದು ಕರೆಯುತ್ತಿದ್ದರು. ಅವನು ತಲೆ ಎತ್ತದೆ ಬೇಡ ಬೇಡ ಎಂದು ಕೈ ಬೀಸುತ್ತಿದ್ದ. ಗಾಡಿ ಅವನನ್ನು ದಾಟುವುದರಲ್ಲಿತ್ತು.

ಇಳಿಯುವವರು ಕೂಗುವ ಹಾಗೆ ಗೆರ್ಲಿನ್ ಕೂಗಿದಳು: "ಥ್ಯಾಂಕ್ಸ್, ಡ್ರೈವರಣ್ಣಾ!" ಪಕ್ಕದ ಹಲಗೆಯನ್ನು ದಬದಬ ಬಡಿದಳು.

ಗಾಡಿ ನಿಂತಿತು. "ಯಾರು ಇಳಿಯೋದು?" ಓನೆಲ್ ಕತ್ತು ಹೊರಹಾಕಿದ.

"ನಾನು!"

"ಏಯ್! ಎಲ್ಲಿಗೇ?" ಅತ್ತೆ ಯೂನಿಫಾರಂ ಹಿಡಿದೆಳೆಯುವಷ್ಟರಲ್ಲಿ ಅವಳು ಬುಟ್ಟಿ ಮೊಣಕಾಲು ಎಲ್ಲ ದಾಟಿ ಕೆಳಗಿಳಿದಿದ್ದಳು.

ಬ್ಲಾಂ ಅವಳನ್ನು ನೋಡಿ ನಿಂತ. ಗೆರ್ಲಿನ್ ತನ್ನ ಎದೆ ಮುಟ್ಟಿಕೊಂಡಳು. "ಮಿ," ಎಂದಳು. "ಟೆನ್ ಮಿನಿಟ್ಸ್, ಮಿ." ಓನೆಲ್ ಕಡೆ ತೋರಿಸಿ, "ನೋ. ಮಿ," ಎಂದಳು. ಅವಳ ಇಂಗ್ಲಿಷ್ ಅಲ್ಲಿಗೆ ಮುಗಿಯಿತು.

ಮುಂದೇನು? ಅವಳು ಎರಡು ಕೈ ಎತ್ತಿದಳು. ಗಾಳಿಯಲ್ಲಿ ಉದ್ದಕ್ಕೆ ಒಂದು ಬೆಂಚು ಬರೆದಳು. ಅದರ ಮೇಲೆ ಒಬ್ಬೊಬ್ಬರನ್ನಾಗಿ ಕೂರಿಸಿದಳು. ಭುಜ ಕುಗ್ಗಿಸಿ, ಮೊಣಕೈ ಒಳಗೆಳೆದು, ಕೆನ್ನೆ ಉಬ್ಬಿಸಿ, ಉಸಿರಾಡಲು ಜಾಗವಿಲ್ಲದ ಹಾಗೆ ನಿಂತಳು. ಆಮೇಲೆ ಸ್ಟೇರಿಂಗ್ ತಿರುಗಿಸಿ, "ಡುರ್ರ್‌!" ಎಂದಳು.

ಬ್ಲಾಂ ಗಾಡಿಯ ಕಡೆ ನೋಡಿದ. ಅಲ್ಲಿ ನಿಜವಾಗಿಯೂ ಭುಜ ಕುಗ್ಗಿಸಿ, ಮೊಣಕೈ ಒಳಗೆಳೆದು ಎಲ್ಲರೂ ಕೂತಿದ್ದರು.

ಅವನು ಬ್ಯಾಗು ಇಳಿಸಿ ಅದರ ಮೇಲೇ ಕುಸಿದು ಕೂತ. ಅಂಗೈಯಿಂದ ಮುಖ ಉಜ್ಜಿಕೊಂಡ. ಮಾತಾಡತೊಡಗಿದ. ಅವಳಿಗೆ ಅಲ್ಲೊಂದು ಇಲ್ಲೊಂದು ಮಾತು ಸಿಕ್ಕಿತು. ನೋ ವಾಟರ್. ನೋ ಲೈಟ್. ನೋ ಬಸ್. ನೈಟ್, ನೈಟ್ ಎಂದು ಕೈಮೇಲಿನ ಗುಳ್ಳೆ ತೋರಿಸಿದ. ಮನಿ, ಮನಿ, ಮನಿ. ನೀರಿಲ್ಲ, ಲೈಟಿಲ್ಲ ಅನ್ನುವುದು ಅತ್ತೆಯ ಮನೆಯಲ್ಲೂ ದಿನಾ ಇದ್ದದ್ದೇ. ಅತ್ತೆ ಅದನ್ನು ದೀಪ ಹಚ್ಚುತ್ತ, ಕೊಡ ಎತ್ತಿಕೊಳ್ಳುತ್ತ ಹೇಳುತ್ತಿದ್ದಳು. ಇವನಿಗೆ ಕೊಡ ಎಲ್ಲಿದೆ ಅಂತಲೂ ಗೊತ್ತಿಲ್ಲ, ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ.

"ನಾವಿಲ್ಲಿ ಬೇಯ್ತಿದೀವಿ!" ಗಾಡಿಯಿಂದ ಬ್ರೆಡ್ಡಿನವಳು ಕೂಗಿದಳು.

ಓನೆಲ್ ಇಳಿದು ಬಂದ. ಬ್ಲಾಂ ಎದ್ದು ಕೈ ಚಾಚಿದ. ಓನೆಲ್ ತನ್ನ ಕೈ ನೋಡಿಕೊಂಡ. ಅಂಗೈ ತುಂಬ ಇದ್ದಿಲು. ಕೈ ಕೊಳಕಾದಾಗ ಆ ಕಡೆಯವರೆಲ್ಲ ಮಾಡುವ ಹಾಗೆ ಮಣಿಕಟ್ಟು ಮುಂದೆ ಮಾಡಿದ. ಬ್ಲಾಂ ತಬ್ಬಿಬ್ಬಾದ. ಆಮೇಲೆ ಮಣಿಕಟ್ಟನ್ನೇ ಹಿಡಿದು ಕುಲುಕಿದ.

"ಸೀಟಿಲ್ಲ," ಎಂದ ಓನೆಲ್, ಬೇರೇನೂ ಹೇಳದೆ. ಮೇಲೆ ಬೆರಳು ತೋರಿಸಿದ.

ಉಳಿದ ದಾರಿಯಷ್ಟೂ ಬ್ಲಾಂ ಇದ್ದಿಲು ಮೂಟೆಗಳ ಮೇಲೆ ಕೂತು ಬಂದ. ಅವನ ಎರಡು ಬೂಟು ಗಾಡಿಯ ಅಂಚಿನಿಂದ ಕೆಳಗೆ ತೂಗಾಡುತ್ತಿದ್ದವು. ಕ್ಲೆರ್ಸಿಯಾ ಅಜ್ಜಿ ಅವನ್ನು ಸ್ವಲ್ಪ ಹೊತ್ತು ನೋಡಿದರು. ನೀರಿನ ಪ್ಯಾಕೆಟ್ ತೆಗೆದು, ಹಲ್ಲಿನಿಂದ ಮೂಲೆ ಕಚ್ಚಿ, ತಾವೇ ಕುಡಿದರು.

ಪೋರ್ಸಾಲುವಿನಲ್ಲಿ ಅವನು ಇಳಿದಾಗ ಪ್ಯಾಂಟಿನ ಹಿಂಭಾಗ ಪೂರ್ತಿ ಕಪ್ಪಾಗಿತ್ತು. ಎಲ್ಲರೂ ಕಿಸಕ್ಕೆಂದರು. ಗೆರ್ಲಿನ್ ಅವನ ಮುಂದೆ ಹೋಗಿ, ತಿರುಗಿ ನಿಂತು, ತನ್ನ ಲಂಗದ ಹಿಂಭಾಗ ತಟ್ಟಿ ತೋರಿಸಿದಳು. ಅವನು ಹಿಂದೆ ಮುಟ್ಟಿ ನೋಡಿಕೊಂಡ. ಈಗ ಕೈಯೂ ಕಪ್ಪಾಯಿತು. ಉದ್ದಕ್ಕೆ ಉಸಿರು ಬಿಟ್ಟು, ಎದುರಿಗೇ ಇದ್ದ ಸಮುದ್ರದ ಕಡೆ ನಡೆದ. ಕೈ ತೊಳೆಯಲು ಅಲ್ಲಿ ನೀರಿಗೇನೂ ಕೊರತೆ ಇರಲಿಲ್ಲ.

ಅಮ್ಮ ರಸ್ತೆ ಬದಿಯಲ್ಲಿ ಬಾಳೆಕಾಯಿ ಕರಿಯುತ್ತ ಕೂತಿದ್ದಳು. ಓದಲು ಅತ್ತೆಯ ಮನೆಯಲ್ಲಿರುವ ಮಗಳು ಶುಕ್ರವಾರ ಸಂಜೆ ಲೆಕಾಯ್‌ನಿಂದ ಬರುವುದನ್ನೇ ಕಾಯುತ್ತಿದ್ದಳು. ಅತ್ತೆಗೆ ಆಗಲೇ ಮೊದಲಿನ ಹುರುಪು ವಾಪಸ್ ಬಂದಿತ್ತು.

"ಅತ್ತಿಗೆ, ಕೇಳಿಲ್ಲಿ! ನಿನ್ನ ಮಗಳು ದಾರಿಯುದ್ದಕ್ಕೂ ಒಬ್ಬ ಬ್ಲಾಂ ಜೊತೆ ಇಂಗ್ಲಿಷಲ್ಲೇ ಮಾತಾಡಿದ್ಳು! ಗಾಡಿ ನಿಲ್ಲಿಸಿ ಮಾತಾಡಿದ್ಳು!"

ಅಮ್ಮ ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿದಳು. "ಹೌದೇನೇ?"

ಹೂಂ ಅನ್ನುವುದು ಬಹಳ ಸುಲಭವಿತ್ತು.

"ಇಲ್ಲಮ್ಮ," ಎಂದಳು ಗೆರ್ಲಿನ್. "ನಂಗೆ ಅಷ್ಟೊಂದು ಇಂಗ್ಲಿಷ್ ಬರಲ್ಲ."

ಅತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು.

"ಮತ್ತೆ ಗಾಡಿ ನಿಲ್ಲಿಸಿ ಅದೇನು ಮಾತಾಡ್ದೆ?" ಎಂದಳು ಅಮ್ಮ.

ಗೆರ್ಲಿನ್ ಬ್ಯಾಗು ಕೆಳಗಿಟ್ಟಳು. ಗಾಳಿಯಲ್ಲಿ ಬೆಂಚು ಬರೆದಳು. ಜನರನ್ನು ಕೂರಿಸಿದಳು. ಭುಜ ಕುಗ್ಗಿಸಿ, ಕೆನ್ನೆ ಉಬ್ಬಿಸಿ ನಿಂತಳು. ಸ್ಟೇರಿಂಗ್ ತಿರುಗಿಸುವ ಮೊದಲೇ ಅಮ್ಮ ನಕ್ಕುಬಿಟ್ಟಳು.

"ಗಾಡಿ ತುಂಬೋವರೆಗೂ ಕಾಯ್ಬೇಕು ಅಂತ ತಾನೇ?"

"ಹೂಂ."

ಅಮ್ಮ ಎಣ್ಣೆಯ ಕಡೆ ತಿರುಗಿದಳು. ಗೆರ್ಲಿನ್ ತನ್ನ ಎರಡು ಕೈಗಳನ್ನೂ ಒಮ್ಮೆ ತಿರುಗಿಸಿ ನೋಡಿಕೊಂಡಳು. ಸ್ಟ್ಯಾಂಡಿನಲ್ಲಿ ಅಷ್ಟು ಹೊತ್ತೂ ಅವು ಅವಳ ಮಡಿಲಲ್ಲೇ ಸುಮ್ಮನೆ ಕೂತಿದ್ದವು.